ಕೇಳಿಸದ ಸದ್ದು, ಮಾವನ ಹಲ್ಲುಸೆಟ್ಟು

ಗುಳ್ಳೆಯ ಬಣ್ಣ ಬದಲಾಯಿಸಲು ಹೋಗಿ ಗುಳ್ಳೆರಾಯ ಸಿಕ್ಕಿಬಿದ್ದ.

ಗುಳ್ಳೆರಾಯ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಹೆಣ್ಣು ಕೊಟ್ಟ ಮಾವ ಇಟ್ಟದ್ದು. ಮದುವೆಯ ಹೊಸತರಲ್ಲಿ ಮಾವ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, "ಅಳಿಯಂದಿರೇ, ನೀವು ಅಸಲಿಗೆ ಮಾಡೋ ಕೆಲಸ ಏನು?" ಎಂದು ಕೇಳಿದ್ದರು. ಇವನು ಹುಮ್ಮಸ್ಸಿನಲ್ಲಿ ಶುರು ಹಚ್ಚಿಕೊಂಡ.

"ಮನುಷ್ಯರ ಕಿವಿಗೆ ನಿಲುಕದಷ್ಟು ಕೀಚಲು ಸದ್ದು ಒಂದಿರುತ್ತೆ ಮಾವ. ಅದನ್ನ ನೀರೊಳಗೆ ಬಿಟ್ರೆ ಸಣ್ಣ ಸಣ್ಣ ಗುಳ್ಳೆ, ಎಣ್ಣೆ ಹನಿ ಎಲ್ಲ ಓಡಾಡೋಕೆ ಶುರು ಮಾಡ್ತವೆ. ಗೋಡೆ ಹತ್ರ ಬಂದಾಗ ಅವು ಗೋಡೆಗೆ ಅಂಟ್ಕೋತಾವಾ, ಹೆದರಿ ದೂರ ಓಡ್ತಾವಾ ಅಂತ ನಾನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಚಿತ್ರ ಮಾಡಿ ತೋರಿಸ್ತೀನಿ."

"ಅಂದ್ರೆ, ನಿಜವಾದ ಗುಳ್ಳೆ ಇಲ್ಲ?"

"ಇಲ್ಲ."

"ನಿಜವಾದ ನೀರು?"

"ಇಲ್ಲ."

"ಸದ್ದು?"

"ಅದೂ ಲೆಕ್ಕದ್ದೇ."

"ಸಂಬಳ?"

"ಅದು ಮಾತ್ರ ನಿಜ ಮಾವ."

"ಸದ್ಯ!" ಎಂದು ಮಾವ ಮಗಳ ಮುಖ ನೋಡಿದರು. ಅವತ್ತಿನಿಂದ ಆ ಬೀದಿಗೆಲ್ಲ ಇವನು ಗುಳ್ಳೆರಾಯ. ಮಾವ ಮೂವತ್ತು ವರ್ಷ ಕಾರು ಓಡಿಸುವುದನ್ನು ಕಲಿಸಿದ ಮೇಷ್ಟ್ರು. ಪ್ರಪಂಚದಲ್ಲಿ ಸ್ಟೇರಿಂಗು, ಬ್ರೇಕು ಇಲ್ಲದ ಯಾವ ಕೆಲಸವೂ ಅವರ ಕಣ್ಣಿಗೆ ಕೆಲಸವಾಗಿ ಕಾಣುತ್ತಿರಲಿಲ್ಲ. ಗುಳ್ಳೆರಾಯ ಅವರ ಮುಂದೆ ಊಟಕ್ಕೆ ಕೂತರೆ ಪರೀಕ್ಷೆಯಲ್ಲಿ ಫೇಲಾದವನಂತೆ ತಟ್ಟೆ ನೋಡಿಕೊಂಡು ತಿನ್ನುತ್ತಿದ್ದ.

ಈ ಗ್ರಹಚಾರ ಬದಲಾದದ್ದು ಹೋದ ವರ್ಷ. ಕಟ್ಟಿಸಿಕೊಂಡ ಹಲ್ಲನ್ನು ತೊಳೆಯುವ ಯಂತ್ರ ಮಾಡುವ ಕಾರ್ಖಾನೆಯೊಂದು ಗುಳ್ಳೆರಾಯ ಕೆಲಸ ಮಾಡುವ ಸಂಶೋಧನಾ ಸಂಸ್ಥೆಯ ಬಾಗಿಲು ತಟ್ಟಿತ್ತು. ನೀರು ತುಂಬಿದ ಪುಟ್ಟ ತೊಟ್ಟಿ, ಅದರಲ್ಲಿ ಹಲ್ಲುಸೆಟ್ಟು, ಕೆಳಗಿನಿಂದ ಕೇಳಿಸದ ಸದ್ದು. ಗುಳ್ಳೆಗಳು ಸಂದುಗೊಂದಿಗೆಲ್ಲ ನುಗ್ಗಿ, ಹಲ್ಲಿಗೆ ಅಂಟಿ, ಉಜ್ಜಿ ಉಜ್ಜಿ ಕೊಳೆ ತೆಗೆಯಬೇಕು. ಗುಳ್ಳೆರಾಯ ಲೆಕ್ಕ ಹಾಕಿ ತೋರಿಸಿದ ಚಿತ್ರದಲ್ಲಿ ಗುಳ್ಳೆಗಳು ತವರಿಗೆ ಹೊರಟ ಹೆಣ್ಣುಮಕ್ಕಳಂತೆ ಸೀದಾ ಹಲ್ಲಿನ ಕಡೆಗೇ ಹೋಗಿ ಕೂತವು. ಎಲ್ಲರೂ ವಾಹ್ ಎಂದರು. ಅವನು ಅದೇ ಕಾರ್ಖಾನೆಯ ಹಳೇ ಮಾದರಿಯ ಯಂತ್ರವೊಂದನ್ನು ಮಾವನ ಹುಟ್ಟುಹಬ್ಬಕ್ಕೆ ತಂದುಕೊಟ್ಟ. ನೀಲಿ ದೀಪ ಹೊತ್ತಿಕೊಂಡ ಆ ಡಬ್ಬಿಯನ್ನು ಮಾವ ಬಚ್ಚಲಿನ ಬೇಸಿನ್ ಪಕ್ಕ ಪ್ರತಿಷ್ಠಾಪಿಸಿ, ದಿನಾ ಬೆಳಗ್ಗೆ ಅದರ ಮುಂದೆ ತಲೆ ವಾಲಿಸಿ ನಿಲ್ಲುತ್ತಿದ್ದರು.

"ಜನಕ್ಕೆ ಕೇಳಲ್ಲ ಅಂತಾರೆ. ನಂಗೆ ಕೇಳುತ್ತೆ ಕಣ್ರೀ! ಮೂವತ್ತು ವರ್ಷ ಇಂಜಿನ್ ಕೇಳಿದ ಕಿವಿ ಇದು. ಏನು ಸದ್ದು, ಏನು ಸದ್ದು! ನಮ್ಮ ಅಳಿಯಂದಿರ ಸದ್ದು!"

ಗುಳ್ಳೆರಾಯ ಅನ್ನುವ ಹೆಸರು ಹಾಗೇ ಉಳಿಯಿತು. ಆದರೆ ಅದನ್ನು ಕರೆಯುವಾಗ ಮಾವನ ದನಿಯಲ್ಲಿ 'ರಾಯ'ನ ಮೇಲೆ ಸ್ವಲ್ಪ ಭಾರ ಬೀಳತೊಡಗಿತು. ಅಷ್ಟಕ್ಕೇ ಗುಳ್ಳೆರಾಯ ಬೆಳಗ್ಗೆ ಎದ್ದು ಹಾಡು ಗುನುಗುವಂತಾಗಿದ್ದ.

ಇವತ್ತು ಆ ಎಲ್ಲದಕ್ಕೂ ಕಳಶ ಇಡುವ ದಿನ. ಕಾರ್ಖಾನೆಯ ಯಜಮಾನಿ ಸ್ವತಃ ಬಂದು ನೋಡಿ, ಹೊಸ ಯಂತ್ರ ಮಾಡುವುದೋ ಬಿಡುವುದೋ ಹೇಳುತ್ತಾಳೆ. ಮನೆಯವರನ್ನೂ ಕರೆತರಬಹುದು ಎಂದು ಸಂಸ್ಥೆಯ ಮುಖ್ಯಸ್ಥರು ಅಪ್ಪಣೆ ಕೊಟ್ಟಿದ್ದರು. ಹಿಂದಿನ ಸಂಜೆ ಫೋನು ಮಾಡಿ, "ಅವರ ಕಾರ್ಖಾನೆ ಬಣ್ಣ ಹಸಿರು. ನಿಮ್ಮ ಗುಳ್ಳೆ ಕೆಂಪಗಿದೆ. ಹಸಿರು ಮಾಡಿ" ಎಂದೂ ಹೇಳಿದ್ದರು.

ಬೆಳಗ್ಗೆ ಬೇಗ ಬಂದ ಗುಳ್ಳೆರಾಯ ಸಂಖ್ಯೆಗಳನ್ನು ತುಂಬುವ ಪುಟ ತೆರೆದು ಕೆಂಪನ್ನು ಹಸಿರು ಮಾಡಿದ. ಅದರ ಕೆಳಗಿನ ಸಾಲಿನ ಮೇಲೆ ಸುಮ್ಮನೆ ಕಣ್ಣು ಹಾಯಿತು.

ಸದ್ದಿನ ಬಲ: ಸೊನ್ನೆ.

ಕಣ್ಣುಜ್ಜಿಕೊಂಡ. ಕನ್ನಡಕ ಒರೆಸಿದ. ಸೊನ್ನೆ ಹೋಗಲಿಲ್ಲ. ದುಂಡಗೆ, ಸುಖವಾಗಿ, ಬಾಡಿಗೆ ಕೊಡದ ಬಾಡಿಗೆದಾರನಂತೆ ಕೂತೇ ಇತ್ತು.

ಆಮೇಲೆ ನೆನಪಾಯಿತು. ವರ್ಷದ ಹಿಂದೆ ಒಂದು ಸಲ ಪರೀಕ್ಷೆಗೆಂದು ಸದ್ದನ್ನು ತೆಗೆದಿದ್ದ. ಸದ್ದಿಲ್ಲದಿದ್ದರೆ ಗುಳ್ಳೆ ನಿಂತಲ್ಲೇ ನಿಲ್ಲಬೇಕು, ಅದನ್ನು ನೋಡೋಣ ಎಂದು. ಒಂದು ಕ್ಷಣ ನಿಂತಿತು. ಸರಿಯಿದೆ ಎಂದು ಟೀ ಕುಡಿಯಲು ಹೋದ. ಬಂದವನು ಸದ್ದನ್ನು ಮತ್ತೆ ಹಾಕುವುದನ್ನೇ ಮರೆತ. ಅಂದಿನಿಂದ ಇಂದಿನವರೆಗಿನ ಎಲ್ಲ ಚಿತ್ರ, ಎಲ್ಲ ವಾಹ್, ಎಲ್ಲ ಬೆನ್ನು ತಟ್ಟುವಿಕೆ, ಅಷ್ಟೂ ಸದ್ದಿಲ್ಲದ ನೀರಿನದು!

ಹಾಗಾದರೆ ಗುಳ್ಳೆ ನಡೆದದ್ದು ಹೇಗೆ? ಅದು ಇನ್ನೂ ನಾಚಿಕೆಗೇಡಿನ ಸಂಗತಿ. ಕಂಪ್ಯೂಟರು ಗುಳ್ಳೆಯ ದುಂಡು ಮೈಯನ್ನು ಚೌಕ ಚೌಕವಾಗಿ ಕತ್ತರಿಸಿ ಲೆಕ್ಕ ಹಾಕುತ್ತದೆ. ದುಂಡನೆಯದು ಚೌಕದಲ್ಲಿ ಪೂರ್ತಿ ಕೂರುವುದಿಲ್ಲ, ಪ್ರತಿ ಸಲವೂ ಕೂದಲೆಳೆಯಷ್ಟು ತಪ್ಪು ಉಳಿಯುತ್ತದೆ. ಆ ಕೂದಲೆಳೆಗಳೆಲ್ಲ ಒಟ್ಟುಗೂಡಿ ಗುಳ್ಳೆಯನ್ನು ಮೆಲ್ಲಗೆ ಒಂದು ಕಡೆಗೆ ನೂಕುತ್ತವೆ. ಇದು ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ರೋಗ. ಹೊಸದಾಗಿ ಸೇರಿದವರಿಗೆ ಈ ರೋಗದ ಬಗ್ಗೆ ಎಚ್ಚರಿಕೆ ಹೇಳಿ ಪಾಠ ಮಾಡುವವನು ಯಾರು? ಗುಳ್ಳೆರಾಯ.

ಸೊನ್ನೆ ಅಳಿಸಿ, ಸರಿಯಾದ ಸಂಖ್ಯೆ ಹಾಕಿ, ಒಂದು ಚಿಕ್ಕ ಲೆಕ್ಕ ಓಡಿಸಿದ. ಗುಳ್ಳೆ ಒಂದು ಸಲ ಮೈ ಝಾಡಿಸಿತು. ಆಮೇಲೆ ಸಾಲ ಕೊಟ್ಟವನನ್ನು ಕಂಡವರಂತೆ ಹಲ್ಲಿನಿಂದ ದೂರ ದೂರ ಓಡಿ ಪರದೆಯ ಅಂಚಿಗೆ ಹೋಗಿ ಅಡಗಿ ಕೂತಿತು.

ಗುಳ್ಳೆರಾಯನಿಗೆ ಕಿವಿಯ ತುದಿ ಬಿಸಿಯಾಯಿತು. ಬಿಸಿ ಕೆನ್ನೆಗಿಳಿಯಿತು, ಕುತ್ತಿಗೆಗಿಳಿಯಿತು, ಅಂಗಿಯೊಳಗೆ ಹೊಕ್ಕಿತು. ಒಬ್ಬನೇ ಇದ್ದ ಕೋಣೆಯಲ್ಲಿ ಯಾರೋ ನೋಡುತ್ತಿದ್ದಾರೆ ಎನ್ನಿಸಿ ಪರದೆಯನ್ನು ಕೈಯಿಂದ ಮುಚ್ಚಿಕೊಂಡ.

ಅಷ್ಟರಲ್ಲಿ ಹೆಂಡತಿಯ ಫೋನು.

"ಅಪ್ಪ ಕೋಟು ಹಾಕ್ಕೊಂಡು ಆಗ್ಲೇ ಕಾರಲ್ಲಿ ಕೂತು ಹಾರ್ನ್ ಹೊಡೀತಿದ್ದಾರೆ. ಅಕ್ಕಪಕ್ಕದ ಮನೆಯೋರೆಲ್ಲ ಹೊರಗೆ ಬಂದು ನಿಂತಿದ್ದಾರೆ. ಎಲ್ಲರ ಹತ್ರಾನೂ ಹೇಳಾಯ್ತು, ಇವತ್ತು ನಮ್ಮ ಅಳಿಯಂದಿರ ಸದ್ದು ಅಂತ."

"ಅವರನ್ನ ಕರ್ಕೊಂಡು ಬರ್ಬೇಡ!"

"ಯಾಕೆ?"

"ಇಲ್ಲಿ... ಗಾಡಿ ನಿಲ್ಲಿಸೋಕೆ ಜಾಗ ಇಲ್ಲ."

"ಅಪ್ಪಂಗಾ? ಅಪ್ಪ ಬೆಂಕಿಪೊಟ್ಟಣದೊಳಗೂ ಗಾಡಿ ನಿಲ್ಲಿಸ್ತಾರೆ. ಹೊರಟ್ವಿ!"

ಗುಳ್ಳೆರಾಯ ನೇರ ಮುಖ್ಯಸ್ಥರ ಕೋಣೆಗೆ ಓಡಿದ. ಅವರು ಬೀರುವಿನ ಗಾಜಿನಲ್ಲಿ ತಮ್ಮನ್ನೇ ನೋಡಿಕೊಂಡು ಭಾಷಣ ಅಭ್ಯಾಸ ಮಾಡುತ್ತಿದ್ದರು. ಒಂದು ಕೈ ಗಾಳಿಯಲ್ಲಿತ್ತು.

"ಸರ್, ಒಂದು ದೊಡ್ಡ ತಪ್ಪಾಗಿದೆ."

"ಹಸಿರು ಆಗ್ಲಿಲ್ವಾ?" ಕೈ ಗಾಳಿಯಲ್ಲೇ ಉಳಿಯಿತು.

"ಹಸಿರು ಆಯ್ತು. ಆದ್ರೆ ಸದ್ದು ಇಲ್ಲ ಸರ್. ಮೊದಲಿಂದಾನೂ ಇರ್ಲಿಲ್ಲ."

"ಮೈಕಿನೋನಿಗೆ ಹೇಳಿ. ಆ ಸಭಾಂಗಣದ್ದು ಯಾವಾಗ್ಲೂ ಅದೇ ಗೋಳು."

"ಮೈಕಲ್ಲ ಸರ್. ನನ್ನ ಲೆಕ್ಕದಲ್ಲಿ. ಗುಳ್ಳೆ ಸುಮ್‌ಸುಮ್ನೆ ಹೋಗ್ತಿದೆ. ನನಗೆ ಆತ್ಮಸಾಕ್ಷಿ..."

ಮುಖ್ಯಸ್ಥರು ಕೈ ಇಳಿಸಿ ಅವನ ಹೆಗಲ ಮೇಲಿಟ್ಟರು. "ನೋಡಿ, ದೊಡ್ಡ ದಿನಗಳಲ್ಲಿ ಎಲ್ಲರಿಗೂ ಹೀಗೇ ಹೊಟ್ಟೆ ತೊಳಸುತ್ತೆ. ನನ್ನ ಮದುವೆ ದಿನ ನಂಗೂ ಆಗಿತ್ತು. ಆತ್ಮಸಾಕ್ಷಿ ಇದ್ರೆ ನಾಳೆ ತಗೊಂಡ್ ಬನ್ನಿ, ವಿವರವಾಗಿ ನೋಡೋಣ. ಇವತ್ತು ಗುಳ್ಳೆ ತಗೊಂಡ್ ಬನ್ನಿ." ಎಂದು ಬಾಗಿಲ ತನಕ ನೂಕಿಕೊಂಡು ಬಂದು, ಹೊರಗೆ ಹಾಕಿ, ಬಾಗಿಲು ಹಾಕಿಕೊಂಡರು. ಒಳಗೆ ಭಾಷಣ ಮುಂದುವರಿಯಿತು.

ಇನ್ನು ಉಳಿದವಳು ಅಕ್ಕ. ಕೆಳಮಹಡಿಯ ತೊಟ್ಟಿಕೋಣೆಯಲ್ಲಿ ನಿಜವಾದ ನೀರು, ನಿಜವಾದ ಗುಳ್ಳೆ ಇಟ್ಟುಕೊಂಡು ಪ್ರಯೋಗ ಮಾಡುವವಳು. ಇಡೀ ಸಂಸ್ಥೆಗೇ ಅಕ್ಕ. ಮುಖ್ಯಸ್ಥರು ಕೂಡ ಅವಳ ಕೋಣೆಗೆ ಕೆಮ್ಮಿ ಒಳಗೆ ಹೋಗುತ್ತಿದ್ದರು. ಚಪ್ಪಲಿ ಡಬ್ಬಿಯಷ್ಟು ಗಾಜಿನ ತೊಟ್ಟಿ, ಅದಕ್ಕೊಂದು ಪ್ರಖರವಾದ ದೀಪ, ಕಾಣದ ಗುಳ್ಳೆಯನ್ನು ಕುಂಬಳಕಾಯಿ ಗಾತ್ರಕ್ಕೆ ಹಿಗ್ಗಿಸಿ ತೋರಿಸುವ ಕ್ಯಾಮೆರಾ. ಗುಳ್ಳೆರಾಯನ ಚಿತ್ರವೂ ಅಕ್ಕನ ತೊಟ್ಟಿಯೂ ಒಂದೇ ಉತ್ತರ ಕೊಟ್ಟದ್ದರಿಂದಲೇ ಕಾರ್ಖಾನೆ ನಂಬಿದ್ದು.

ಅದು ನೆನಪಾಗಿ ಗುಳ್ಳೆರಾಯ ಮೆಟ್ಟಿಲ ಮೇಲೆ ನಿಂತುಬಿಟ್ಟ. ತೊಟ್ಟಿಯಲ್ಲಿ ನಿಜವಾದ ಸದ್ದಿದೆ. ಅಲ್ಲಿ ಗುಳ್ಳೆ ಹಲ್ಲಿನ ಕಡೆಗೇ ಹೋಗುತ್ತಿದೆ. ಇವನ ಲೆಕ್ಕದಲ್ಲಿ ಸದ್ದಿಲ್ಲದೆಯೂ ಹಾಗೇ ಹೋಗುತ್ತಿದೆ. ಇದೆಂಥ ಮಾಯೆ?

"ಅಕ್ಕ," ಎಂದ ಒಳಗೆ ಹೋಗಿ. "ಸದ್ದು ಸೊನ್ನೆ ಇದೆ ಅಕ್ಕ."

ಅಕ್ಕನ ಕೈಯಲ್ಲಿದ್ದ ಗಾಜಿನ ಲೋಟ ನೆಲಕ್ಕೆ ಬಿದ್ದು ಚೂರಾಯಿತು.

"ಯಾರು ಹೇಳಿದ್ದು ನಿಂಗೆ?"

"ಯಾರೂ ಇಲ್ಲ. ಬೆಳಗ್ಗೆ ನಾನೇ ನೋಡ್ದೆ. ನನ್ನ ಲೆಕ್ಕದಲ್ಲಿ..."

"ನಿನ್ನ ಲೆಕ್ಕದಲ್ಲಾ?" ಅಕ್ಕ ಅವನನ್ನು ದಿಟ್ಟಿಸಿದಳು. "ನಿನ್ನದರಲ್ಲಿ ಸದ್ದಿಲ್ವಾ? ಒಂದು ವರ್ಷದಿಂದ?"

ಗುಳ್ಳೆರಾಯ ತಲೆ ತಗ್ಗಿಸಿದ. ಬೈಗುಳಕ್ಕೆ ಬೆನ್ನೊಡ್ಡಿ ನಿಂತ. ಬೈಗುಳ ಬರಲಿಲ್ಲ. ಅಕ್ಕ ಸ್ಟೂಲಿನ ಮೇಲೆ ಕುಸಿದು ಕೂತು ಎರಡೂ ಕೈಯಲ್ಲಿ ಹಣೆ ಹಿಡಿದುಕೊಂಡಳು. ಆಮೇಲೆ ಇದ್ದಕ್ಕಿದ್ದಂತೆ ಎದ್ದು ಅವನ ಕಾಲರು ಹಿಡಿದಳು.

"ಸಂಜೆ ತನಕ ಒಂದು ಮಾತಾಡ್ಬೇಡ. ಬಾಯಿಗೆ ಬೀಗ. ಕೇಳಿಸ್ತಾ? ಗಾಜು ಗುಡಿಸಿ ಹೋಗು."

ಗುಡಿಸಿ ಹೋದ.

ಸಭಾಂಗಣದಲ್ಲಿ ಮಾವ ಮೊದಲ ಸಾಲಿನ ನಟ್ಟನಡುವೆ ಕೂತಿದ್ದರು. ಕೋಟಿನ ಜೇಬಿನಲ್ಲಿ ಕರ್ಚೀಫು, ಬೂಟಿನಲ್ಲಿ ಮುಖ ನೋಡಿಕೊಳ್ಳಬಹುದಾದಷ್ಟು ಹೊಳಪು. ಪಕ್ಕದ ಕುರ್ಚಿಯಲ್ಲಿದ್ದ ಹಸಿರು ಸೀರೆಯ ಹೆಂಗಸಿಗೆ, ಆಕೆಯೇ ಕಾರ್ಖಾನೆ ಯಜಮಾನಿ ಎಂದು ತಿಳಿಯದೆ, ಆಕೆಯ ಯಂತ್ರದ ಗುಣಗಾನ ನಡೆಸಿದ್ದರು.

"ಒಂದ್ಸಲ ನಮ್ಮನೆಗೆ ಬಂದು ನೋಡಮ್ಮ. ದೀಪ ಹೊತ್ಕೊಂಡ ಕೂಡ್ಲೆ ಝುಂಯ್ ಅಂತ ಸದ್ದು. ಬೇರೆಯೋರಿಗೆ ಕೇಳಲ್ಲ. ನಂಗೆ ಕೇಳುತ್ತೆ."

ಯಜಮಾನಿ ಅವರನ್ನು ವಿಚಿತ್ರವಾಗಿ ನೋಡಿ, "ಹೌದಾ? ಕೇಳಿಸುತ್ತಾ?" ಎಂದಳು.

"ಸುಳ್ಳು ಹೇಳ್ತೀನಾ? ಅಗೋ ನೋಡಿ, ಅವರೇ ನಮ್ಮ ಅಳಿಯಂದಿರು. ಏನು ಬೆವರ್ತಿದ್ದಾರೆ! ಪಾಪ, ರಾತ್ರಿಯೆಲ್ಲ ದುಡಿದಿರ್ಬೇಕು. ಗುಳ್ಳೆರಾಯರೇ! ಕನ್ನಡಿ ನೋಡ್ಕೊಳ್ಳಿ, ಗೇರ್ ಹಾಕಿ, ಹೊರಡಿ! ಹೆದರ್ಬೇಡಿ!"

ಇಡೀ ಸಭೆ ನಕ್ಕಿತು. ಹೆಂಡತಿ ಎರಡೂ ಕೈ ಎತ್ತಿ ಬೀಸಿದಳು. ಗುಳ್ಳೆರಾಯನಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ನೆಲ ಸಿಮೆಂಟಿನದು, ಬಾಯಿ ಬಿಡುವ ಲಕ್ಷಣ ಕಾಣಲಿಲ್ಲ.

ದೀಪ ಆರಿತು. ಪರದೆಯ ಎಡಕ್ಕೆ ಗುಳ್ಳೆರಾಯನ ಅದೇ ಹಳೇ ಸೊನ್ನೆ ಲೆಕ್ಕದ ಚಿತ್ರ, ಬಲಕ್ಕೆ ಅಕ್ಕನ ತೊಟ್ಟಿಯ ಚಿತ್ರ. ಎಡಗಡೆ ಹಸಿರು ಗುಳ್ಳೆ ಮೆಲ್ಲಗೆ ಹೋಗಿ ಹಲ್ಲಿಗೆ ಅಂಟಿತು. ಬಲಗಡೆ ನಿಜವಾದ ಗುಳ್ಳೆ ಮೆಲ್ಲಗೆ ಹೋಗಿ ಗಾಜಿನ ಮಾದರಿ ಹಲ್ಲಿಗೆ ಅಂಟಿತು. ಅವಳಿಜವಳಿ ಮಕ್ಕಳಂತೆ. ಚಪ್ಪಾಳೆಯೋ ಚಪ್ಪಾಳೆ.

"ಚೆನ್ನಾಗಿದೆ," ಎಂದಳು ಯಜಮಾನಿ. "ಆದ್ರೆ ಇಲ್ಲಿ, ಈಗ, ಕಣ್ಮುಂದೆ ಮಾಡಿ ತೋರಿಸಿ. ನಿಜವಾದ ಹಲ್ಲಿಟ್ಟು."

ಅಕ್ಕನ ತೊಟ್ಟಿಯನ್ನು ಸಭಾಂಗಣದ ಮೇಜಿಗೆ ತಂದಿದ್ದರು. ಆದರೆ ಹಲ್ಲುಸೆಟ್ಟು? ಮುಖ್ಯಸ್ಥರು ಗುಳ್ಳೆರಾಯನ ಮುಖ ನೋಡಿದರು, ಗುಳ್ಳೆರಾಯ ಅಕ್ಕನ ಮುಖ ನೋಡಿದ, ಅಕ್ಕ ನೀರು ನೋಡಿದಳು. ಯಾರೂ ತಂದಿರಲಿಲ್ಲ. 'ದೇವರೇ, ಬದುಕಿದೆ' ಎಂದು ಗುಳ್ಳೆರಾಯ ಉಸಿರು ಬಿಡಬೇಕು, ಅಷ್ಟರಲ್ಲಿ ಮೊದಲ ಸಾಲಿನಲ್ಲಿ ಕೋಟೊಂದು ಎದ್ದು ನಿಂತಿತು.

"ಅಳಿಯಂದಿರಿಗೆ ಹಲ್ಲು ಕಮ್ಮಿ ಬಿತ್ತಾ?" ಎಂದರು ಮಾವ. "ನಾನಿಲ್ವಾ?"

"ಬೇಡ ಮಾವ!"

"ಸುಮ್ನಿರ್ರೀ. ಮನೆ ಹಲ್ಲು ಇದು." ಎಂದು ಸಭೆಗೆ ಬೆನ್ನು ತಿರುಗಿಸಿ, ಕರ್ಚೀಫು ಅಡ್ಡ ಹಿಡಿದು, ಒಂದು ಸಲ ಗೇರು ಬದಲಾಯಿಸಿದಂತೆ ದವಡೆ ಅಲುಗಿಸಿ, ಹಲ್ಲುಸೆಟ್ಟನ್ನು ತೆಗೆದು ಅಕ್ಕನ ಕೈಗಿಟ್ಟರು. ತಿರುಗಿದಾಗ ಮುಖ ಗಾಳಿ ಇಳಿದ ಟೈರಿನಂತಾಗಿತ್ತು. ಆದರೆ ಕಣ್ಣಲ್ಲಿ ಹೆಮ್ಮೆ ತುಳುಕುತ್ತಿತ್ತು. ಹತ್ತು ವರ್ಷದಲ್ಲಿ ತಮ್ಮ ಹೆಂಡತಿಯೆದುರೂ ಹಲ್ಲಿಲ್ಲದೆ ಕಾಣಿಸಿಕೊಳ್ಳದ ಮನುಷ್ಯ, ಅಳಿಯನ ಮರ್ಯಾದೆಗಾಗಿ ತುಂಬಿದ ಸಭೆಯಲ್ಲಿ ಬೊಚ್ಚುಬಾಯಿ ಬಿಟ್ಟು ನಿಂತಿದ್ದರು.

ಅಕ್ಕ ಹಲ್ಲನ್ನು ನೀರಿಗಿಳಿಸಿದಳು, ದೀಪ ಹೊತ್ತಿಸಿದಳು. "ಸದ್ದು ಶುರುವಾಗಿದೆ," ಎಂದಳು, ಯಾರ ಮುಖವನ್ನೂ ನೋಡದೆ.

ದೊಡ್ಡ ಪರದೆಯ ಮೇಲೆ ಬಾಗಿಲಷ್ಟೆತ್ತರದ ಹಲ್ಲುಗಳು. ಒಂದು ಗುಳ್ಳೆ ಬಂತು. ಇನ್ನೊಂದು ಬಂತು. ಮೆಲ್ಲಗೆ ಬಂದು ಬಂದು ಹಲ್ಲಿಗೆ ಅಂಟಿಕೊಂಡವು.

"ನನ್ನ ದವಡೆ ಜುಮ್ಮಂತಿದೆ," ಎಂದರು ಮುಖ್ಯಸ್ಥರು.

"ನಂಗೆ ಇಲ್ಲಿ, ಕಿವಿ ಹಿಂದೆ," ಎಂದರು ಯಾರೋ.

"ನನ್ನ ಬಳೆ ಅದುರ್ತಿದೆ ರೀ!" ಎಂದಳು ಹೆಂಡತಿ.

"ಫದ್ದು!" ಎಂದು ಮಾವ ಕೂಗಿದರು. "ಫರಿಯಾಗಿ ಕೇಳ್ತಾ ಇದೆ! ನಮ್ಮ ಅಳಿಯಂದಿರ ಫದ್ದು!"

ಗುಳ್ಳೆರಾಯನಿಗೆ ಇನ್ನು ತಡೆಯಲಾಗಲಿಲ್ಲ. ಆ ಬೊಚ್ಚುಬಾಯಿಯ ನಗು ಎದೆಗೆ ಚೂರಿಯಂತೆ ಇಳಿಯಿತು. ಮೇಜಿನ ಹತ್ತಿರ ಹೋಗಿ, ಮೈಕು ಕಿತ್ತುಕೊಂಡು, ಕಣ್ಣುಮುಚ್ಚಿ ಹೇಳಿಬಿಟ್ಟ:

"ಎಲ್ಲರೂ ಕ್ಷಮಿಸಬೇಕು. ನನ್ನ ಲೆಕ್ಕ ತಪ್ಪು. ಅದರಲ್ಲಿ ಸದ್ದೇ ಇಲ್ಲ. ಒಂದು ವರ್ಷದಿಂದ ಸೊನ್ನೆ. ಗುಳ್ಳೆ ನಡೆದದ್ದು ಕಂಪ್ಯೂಟರಿನ ಪುಡಿ ಪುಡಿ ತಪ್ಪಿನಿಂದ. ನಾನು... ನನಗೆ ನಾಚಿಕೆಯಾಗ್ತಿದೆ."

ಗುಳ್ಳೆರಾಯ ಒಂದು ಕಣ್ಣು ತೆರೆದ. ಮುಖ್ಯಸ್ಥರು ಕಣ್ಣೀರು ಒರೆಸಿಕೊಳ್ಳುತ್ತಿದ್ದರು.

"ನೋಡಿ, ಎಂಥ ವಿನಯ!" ಎಂದರು. "ಲೆಕ್ಕ ತಪ್ಪಾದ್ರೆ ನಿಜವಾದ ತೊಟ್ಟಿ ಹೇಗೆ ಒಪ್ಕೊಳ್ಳುತ್ತೆ? ಕಣ್ಮುಂದೇ ಇದೆಯಲ್ಲ!"

ಮತ್ತೆ ಚಪ್ಪಾಳೆ. ಯಜಮಾನಿ ಒಬ್ಬಳು ತಟ್ಟಲಿಲ್ಲ. ಕುರ್ಚಿಯ ತುದಿಗೆ ಸರಿದು ಗುಳ್ಳೆರಾಯನನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಗುಳ್ಳೆರಾಯ ಸೋತು ಮೇಜಿಗೆ ಕೈಯೂರಿ ತಲೆ ಬಗ್ಗಿಸಿದ. ಬಗ್ಗಿಸಿದಾಗ ಕಂಡಿತು. ಮೇಜಿನ ಕೆಳಗೆ, ಅಕ್ಕನ ಚಪ್ಪಲಿಯ ಪಕ್ಕ, ತೊಟ್ಟಿಗೆ ಸದ್ದು ಕೊಡುವ ಪೆಟ್ಟಿಗೆಯ ವೈರು ಸತ್ತ ಇಲಿಯ ಬಾಲದಂತೆ ಬಿದ್ದುಕೊಂಡಿತ್ತು. ಪ್ಲಗ್ಗು ಎಲ್ಲಿಗೂ ಸಿಕ್ಕಿಸಿರಲಿಲ್ಲ.

"ಅಕ್ಕಾ!"

"ಮೆಲ್ಲಗೆ!" ಅಕ್ಕ ಹಲ್ಲು ಕಚ್ಚಿ ಪಿಸುಗುಟ್ಟಿದಳು. "ಹಾಕಿದ್ರೆ ಗುಳ್ಳೆಯೆಲ್ಲ ದೂರ ಓಡ್ತಿತ್ತು ಕಣೋ. ನಿನ್ನ ಚಿತ್ರ ನೋಡಿದ್ರೆ ಅಷ್ಟು ಧೈರ್ಯವಾಗಿ ಹತ್ರ ಹೋಗ್ತಿದೆ. ನನ್ನ ತೊಟ್ಟೀಲೇ ಏನೋ ಕೆಟ್ಟಿದೆ ಅಂದ್ಕೊಂಡೆ. ತಿಂಗಳುಗಟ್ಟಲೆ ತಿರುಗಿಸಿದೆ. ಕೊನೆಗೆ ಒಂದಿನ ಕೋಪದಲ್ಲಿ ಪ್ಲಗ್ ಕಿತ್ತೆ. ಕಿತ್ತ ಕೂಡ್ಲೆ ನಿನ್ನ ಚಿತ್ರದ ಹಾಗೇ ಆಯ್ತು!"

"ಮತ್ತೆ ಗುಳ್ಳೆ ಹೇಗೆ ಹೋಗ್ತಿದೆ?"

"ದೀಪದ ಬಿಸಿಗೆ. ನೀರು ಬಿಸಿಯಾದ ಕಡೆಗೆ ಗುಳ್ಳೆ ಸರಿಯುತ್ತೆ. ನಿನ್ನ ಲೆಕ್ಕ ಸರಿ ಅಂತ ನಂಬಿ ನಾನು ಕೆಟ್ಟೆ."

"ನಿನ್ನ ತೊಟ್ಟಿ ಸರಿ ಅಂತ ನಂಬಿ ನಾನು ಕೆಟ್ಟೆ!"

ಆ ಕಡೆ ಮಾವ ಸಭೆಗೆ ಬೊಚ್ಚುಬಾಯಲ್ಲಿ ನಮಸ್ಕಾರ ಸಲ್ಲಿಸುತ್ತಿದ್ದರು. ಗುಳ್ಳೆರಾಯನಿಗೆ ಒಳಗೆ ಏನೋ ಕಿತ್ತುಬಂತು. ಹೇಳಿದರೆ ನಂಬುವುದಿಲ್ಲ, ನೋಡಿದರೆ ನಂಬುತ್ತಾರಲ್ಲ? ಮಂಡಿಯೂರಿ ಮೇಜಿನ ಕೆಳಗೆ ನುಗ್ಗಿದ. ಅಕ್ಕ "ಬೇಡ್ವೋ, ಅದು ಪೂರ್ತಿ ಜೋರಲ್ಲಿದೆ!" ಎನ್ನುವಷ್ಟರಲ್ಲಿ ಪ್ಲಗ್ಗು ಗೋಡೆಗೆ ಸಿಕ್ಕಿಸಿಬಿಟ್ಟ.

ಸದ್ದು ಯಾರಿಗೂ ಕೇಳಿಸಲಿಲ್ಲ. ಆದರೆ ಕಾಣಿಸಿತು. ತೊಟ್ಟಿಯ ನೀರು ಮೈಮೇಲೆ ಬಂದಂತೆ ನಡುಗಿತು. ಅಂಟಿದ್ದ ಗುಳ್ಳೆಗಳೆಲ್ಲ ಬಸ್ಸಿನಲ್ಲಿ ಹಾವು ಕಂಡ ಪ್ರಯಾಣಿಕರಂತೆ ಹಲ್ಲನ್ನು ಬಿಟ್ಟು ಚೆಲ್ಲಾಪಿಲ್ಲಿಯಾದವು. ಬಾಗಿಲಷ್ಟೆತ್ತರದ ಹಲ್ಲುಗಳು ಚಳಿಗೆ ಸಿಕ್ಕವರಂತೆ ಕಟಕಟ ಕುಣಿದವು. ಕುಣಿದು ಕುಣಿದು, ಮುಂದಿನ ಒಂದು ಹಲ್ಲು, ಸಭೆಯೆಲ್ಲ ನೋಡುತ್ತಿದ್ದಂತೆ, ಠಣ್ಣೆಂದು ಕಳಚಿ ತೊಟ್ಟಿಯ ತಳಕ್ಕೆ ಹೋಯಿತು.

"ಅಪ್ಪಾ!" ಎಂದಳು ಮಗಳು. "ಆ ಹಲ್ಲು ಯಾವಾಗ ಮುರಿದಿತ್ತು?"

ಮಾವ ಕೆಂಪಾದರು. ಬಾಟಲಿಯ ಮುಚ್ಚಳವನ್ನು ಹಲ್ಲಿನಲ್ಲಿ ತೆಗೆಯಬೇಡಿ ಎಂದು ಮಗಳು ನೂರು ಸಲ ಹೇಳಿದ್ದಳು. ನೂರೊಂದನೆಯ ಸಲ ತೆಗೆದು, ಮುರಿದುಕೊಂಡು, ಕಾರಿನ ಕನ್ನಡಿ ಅಂಟಿಸುವ ಗೋಂದಿನಲ್ಲಿ ಗುಟ್ಟಾಗಿ ಅಂಟಿಸಿಕೊಂಡಿದ್ದರು. ಅಷ್ಟು ದಿನ ಅಡಗಿದ್ದ ಗುಟ್ಟು ಈಗ ಪರದೆಯ ಮೇಲೆ ಬಾಗಿಲಗಲ ತೆರೆದುಕೊಂಡಿತ್ತು.

ಮುಖ್ಯಸ್ಥರು ಹಾರಿಬಂದು ಪ್ಲಗ್ಗು ಕಿತ್ತೆಸೆದರು. "ಏನ್ರೀ ಮಾಡಿದ್ರಿ? ಚೆನ್ನಾಗಿ ನಡೀತಿದ್ದದ್ದನ್ನ ಕೈಯಾರೆ ಹಾಳು ಮಾಡಿದ್ರಲ್ಲ!"

ನೀರಿನ ನಡುಕ ನಿಂತಿತು. ದೀಪ ಉರಿಯುತ್ತಲೇ ಇತ್ತು. ಗುಳ್ಳೆಗಳು ಒಂದೊಂದಾಗಿ ಮತ್ತೆ ಬಂದು ಉಳಿದ ಹಲ್ಲುಗಳಿಗೆ ಅಂಟಿಕೊಂಡವು.

"ಸರಿಹೋಯ್ತು! ಸರಿಹೋಯ್ತು!" ಎಂದು ಸಭೆ ಚಪ್ಪಾಳೆ ತಟ್ಟಿತು.

"ಇವರಿಬ್ಬರ ಹತ್ರ ನಾನು ಪ್ರತ್ಯೇಕವಾಗಿ ಮಾತಾಡ್ಬೇಕು," ಎಂದಳು ಯಜಮಾನಿ.

ಖಾಲಿ ಸಿಕ್ಕಿದ್ದು ಪೊರಕೆ, ಬಕೆಟ್ಟು ಇಡುವ ಕಿರುಕೋಣೆ. ಯಜಮಾನಿ ಬಾಗಿಲು ಹಾಕಿ ಚಿಲಕ ಸಿಕ್ಕಿಸಿದಳು. ಗುಳ್ಳೆರಾಯ ಪೊರಕೆಗಳ ಸಾಲಿನಲ್ಲಿ ತಾನೂ ಒಂದು ಪೊರಕೆಯಂತೆ ನಿಂತ.

"ತಪ್ಪಾಯ್ತಮ್ಮ," ಎಂದ. "ನನ್ನಿಂದ ನಿಮ್ಮ ಹೊಸ ಯಂತ್ರ..."

"ಅದು ಬಿಡಿ." ಯಜಮಾನಿಯ ದನಿ ನಡುಗುತ್ತಿತ್ತು. "ನಮ್ಮ ಗುಟ್ಟು ನಿಮಗೆ ಹೇಳಿದ್ದು ಯಾರು?"

"ಯಾವ ಗುಟ್ಟು?"

"ತುಂಬಿದ ಸಭೇಲಿ ಮೈಕು ಹಿಡಿದು ಸದ್ದು ಸೊನ್ನೆ ಅಂದ್ರಲ್ಲ! ನನ್ನ ಜೀವವೇ ಹೋಯ್ತು!"

ಯಜಮಾನಿ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತಳು. ಎಷ್ಟೋ ವರ್ಷದ ಭಾರ ಇಳಿಸುವವಳಂತೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಮೊದಮೊದಲು ಸದ್ದು ಇತ್ತು ಕಣ್ರೀ. ಆದ್ರೆ ಈಗ ನೀವೇ ನೋಡಿದ್ರಲ್ಲ, ಅಂಟಿಸಿದ್ದೆಲ್ಲ ಉದುರ್ತಿತ್ತು. ದೂರು ಮೇಲೆ ದೂರು. ಕೊನೆಗೆ ಸದ್ದಿನ ಭಾಗಾನೇ ತೆಗೆದು ಹಾಕಿದ್ವಿ. ನೀಲಿ ದೀಪ ಒಂದು ಬಿಟ್ವಿ. ತೊಳೆಯೋದೆಲ್ಲ ಯಂತ್ರದ ಜೊತೆ ಕೊಡೋ, ನೀರಿಗೆ ಹಾಕೋ ಮಾತ್ರೆ. ಕೇಳಿಸದ ಸದ್ದು ಇದ್ಯಾ ಇಲ್ವಾ ಅಂತ ಯಾರಿಗೆ ಗೊತ್ತಾಗ್ಬೇಕು? ಆದ್ರೆ ದೀಪ ಹಾಕಿದ್ರೆ ಗುಳ್ಳೆ ತಾನೇ ತಾನಾಗಿ ಹೋಗಿ ಹಲ್ಲಿಗೆ ಅಂಟ್ತಿತ್ತು. ಯಾಕೆ ಅಂತ ತಿಳಿಯದೆ ನಿಮ್ಮ ಹತ್ರ ಬಂದೆ. ನಿಮ್ಮ ಚಿತ್ರ ನೋಡಿದ ದಿನ ನಂಗೆ ಎಷ್ಟು ಸಮಾಧಾನ ಆಯ್ತು ಗೊತ್ತಾ? ನಮ್ಮ ಯಂತ್ರದ್ದೇ ಪಡಿಯಚ್ಚು!"

ಅಕ್ಕ ಜಾರುತ್ತಿದ್ದ ಪೊರಕೆಯೊಂದನ್ನು ಹಿಡಿದು ಗೋಡೆಗೆ ಒರಗಿಸಿದಳು.

"ಮುಂದಿನ ಯಂತ್ರಕ್ಕೂ ನೀವಿಬ್ಬರೇ ಲೆಕ್ಕ ಮಾಡ್ಬೇಕು," ಎಂದಳು ಯಜಮಾನಿ. "ಇದೇ ಥರ. ಏನೂ ಬದಲಾಯಿಸ್ಬೇಡಿ. ಸೊನ್ನೆ ಮುಟ್ಲೇಬೇಡಿ."

ಗುಳ್ಳೆರಾಯನಿಗೆ ಬೆಳಗ್ಗೆಯಿಂದ ಕಟ್ಟಿದ್ದ ಕೋಪ ಒಮ್ಮೆಲೇ ಉಕ್ಕಿತು. "ಇಲ್ಲ! ಇದು ಮೋಸ. ನಾನು ಹೊರಗೆ ಹೋಗಿ ಎಲ್ಲರಿಗೂ ಹೇಳ್ತೀನಿ. ನಿಮ್ಮ ಡಬ್ಬೀಲಿ ಏನೂ ಇಲ್ಲ, ಬರೀ ದೀಪ ಅಂತ!"

"ಹೇಳಿ," ಎಂದಳು ಯಜಮಾನಿ, ಸುಸ್ತಾಗಿ. "ಆ ದೊಡ್ಡವರು, ನಿಮ್ಮ ಮಾವನವರು, ದಿನಾ ಸದ್ದು ಕೇಳಿಸ್ಕೊಳ್ತಾರಂತಲ್ಲ. ಮೊದಲು ಅವರಿಗೇ ಹೇಳಿ."

ಗುಳ್ಳೆರಾಯ ಚಿಲಕ ತೆಗೆದು ಬಾಗಿಲು ಎಳೆದ. ಮಾವ ಅಲ್ಲೇ ನಿಂತಿದ್ದರು. ಕರ್ಚೀಫು ಬಾಯಿಗೆ ಅಡ್ಡ ಹಿಡಿದಿದ್ದರು. ಕೋಟು 'ಬೇರೆ ಯಾರದೋ' ಎನ್ನುವಂತೆ ದೊಗಳೆಯಾಗಿ ಕಾಣುತ್ತಿತ್ತು. ಮೂವತ್ತು ವರ್ಷ ಊರಿಗೆಲ್ಲ ಜೋರು ಮಾಡಿದ ಮನುಷ್ಯ, ಮೊದಲ ಸಲ ಅಳಿಯನ ಕಣ್ಣು ತಪ್ಪಿಸಿ ನೆಲ ನೋಡಿದರು.

"ಅಳಿಯಂದಿರೇ," ಎಂದರು ಕರ್ಚೀಫಿನೊಳಗಿಂದ. "ನನ್ನಿಂದ ನಿಮ್ಮ ಮಾನ ಹೋಯ್ತು. ಗೋಂದು ಹಾಕಿದ್ದು ನಾನು ಹೇಳ್ಬೇಕಿತ್ತು. ಬೈದುಬಿಡಿ."

ಗುಳ್ಳೆರಾಯನ ಬಾಯಿಯವರೆಗೆ ಬಂದ ಮಾತು ಅಲ್ಲೇ ಕುಸಿದು ಕೂತಿತು. ಹಿಂದೆ ಯಜಮಾನಿ ಮೆಲ್ಲಗೆ ಉಸಿರು ಬಿಟ್ಟದ್ದು ಕೇಳಿಸಿತು.

ದಾರಿಯುದ್ದಕ್ಕೂ ಮಾವ ಒಂದು ಸಲವೂ ಹಾರ್ನ್ ಹೊಡೆಯಲಿಲ್ಲ. ಎದುರಿನವನು ತಪ್ಪು ಕಡೆಯಿಂದ ನುಗ್ಗಿದರೂ ಬೈಯಲಿಲ್ಲ. ಹಿಂದಿನ ಸೀಟಿನಲ್ಲಿ ಹೆಂಡತಿ, "ಮುಖ್ಯಸ್ಥರು ಏನಂದ್ರು ಗೊತ್ತಾ? ಇನ್ನು ಮುಂದೆ ಈ ಕೆಲಸದ ಪೂರ್ತಿ ಹೊಣೆ ನಿಮ್ದೇ ಅಂತೆ!" ಎಂದು ಖುಷಿಪಟ್ಟಳು. ಗುಳ್ಳೆರಾಯ ಕಿಟಕಿಯ ಗಾಜಿಗೆ ಹಣೆ ಆನಿಸಿದ. ಗಾಜು ತಣ್ಣಗಿತ್ತು. ಹಣೆ ತಣ್ಣಗಾಗಲಿಲ್ಲ.

ಮನೆಗೆ ಬಂದ ಕೂಡಲೇ ಮಾವ ಬಚ್ಚಲಿಗೆ ಹೋದರು. ನೀರು ಬಿಟ್ಟ ಸದ್ದು, ಮಾತ್ರೆ ಬಿದ್ದ ಸದ್ದು. ಆಮೇಲೆ, "ಗುಳ್ಳೆರಾಯರೇ, ಫ್ವಲ್ಪ ಬನ್ನಿ."

ಹೋದ. ಬೇಸಿನ್ ಪಕ್ಕ ಡಬ್ಬಿ ನೀಲಿಯಾಗಿ ಉರಿಯುತ್ತಿತ್ತು. ಒಂದು ಹಲ್ಲು ಕಮ್ಮಿಯಾದ ಸೆಟ್ಟು ಒಳಗೆ ಕೂತು ಅವನನ್ನು ನೋಡಿ ನಗುತ್ತಿತ್ತು. ಮಾವ ಡಬ್ಬಿಯ ಕಡೆಗೆ ತಲೆ ವಾಲಿಸಿದ್ದರು. ಮುಖಕ್ಕೆ ಸ್ವಲ್ಪ ಜೀವ ಮರಳಿತ್ತು.

"ನೋಡಿ, ಇದು ಯಂತ್ರ ಅಂದ್ರೆ. ಅಲ್ಲೀದು ಎಂಥಾ ಒರಟು! ಇದು ನೋಡಿ, ಹಲ್ಲು ಒಂದೂ ಅಲುಗಲ್ಲ. ಎಷ್ಟು ನಯವಾದ ಫದ್ದು!" ಅಳಿಯನ ತೋಳು ಹಿಡಿದು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ದನಿ ತಗ್ಗಿಸಿ, ಇಷ್ಟು ದಿನ ಯಾರನ್ನೂ ಕೇಳದ ಪ್ರಶ್ನೆಯನ್ನು ಕೇಳುವವರಂತೆ ಕೇಳಿದರು: "ನಿಜ ಹೇಳಿ. ನಿಮಗೂ ಕೇಳ್ತಾ ಇದೆ ಅಲ್ವಾ?"

ನೀಲಿ ನೀರಿನಲ್ಲಿ ಒಂದು ಪುಟ್ಟ ಗುಳ್ಳೆ, ಯಾರ ಹಂಗೂ ಇಲ್ಲದೆ, ಮೆಲ್ಲಗೆ ಹಲ್ಲಿನ ಕಡೆ ಹೊರಟಿತ್ತು.

ಗುಳ್ಳೆರಾಯ ಬಗ್ಗಿ ಡಬ್ಬಿಗೆ ಕಿವಿಯಿಟ್ಟ. ಕಿವಿ ಬೆಳಗ್ಗೆಯಂತೆಯೇ ಬಿಸಿಯಾಗಿತ್ತು.

"ಹೂಂ ಮಾವ," ಎಂದ. "ಜೋರಾಗೇ ಕೇಳ್ತಾ ಇದೆ."